ಧೂಪವೆಂದು ಬರೆದ ಡಬ್ಬಿ

ಗೌಸಿಯಾ ಐಹೊಳೆಗೆ ಬಂದಾಗಲೆಲ್ಲ, ಗುರುಸಿದ್ದವ್ವನ ಮನೆಯ ಹೊಸ್ತಿಲ ಹೊರಗೆ ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಒಂದು ಪ್ರಶ್ನೆ ಬರುತ್ತಿತ್ತು: “ಉಂಡ ಬಂದೀಯೋ, ಬರೇ ಚಾ ಕುಡದ ಬಂದೀಯೋ?” ಆ ಬುಧವಾರ ಪ್ರಶ್ನೆ ಬರಲಿಲ್ಲ.

ಪಡಸಾಲೆಯಲ್ಲಿ ಗುರುಸಿದ್ದವ್ವ ಕಂಬಕ್ಕೆ ಒರಗಿ ಕುಳಿತಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಪಕ್ಕದಲ್ಲಿ ನೀರು ತುಂಬಿದ ತಂಬಿಗೆ, ಅದರ ಮೇಲೆ ಬೋರಲು ಹಾಕಿದ ಲೋಟ. ಯಾರೂ ಮುಟ್ಟಿದಂತೆ ಕಾಣಲಿಲ್ಲ. ಎದುರಿಗೆ ಮಗ ಈರಪ್ಪ ತುದಿಗಾಲಲ್ಲಿ ಕುಳಿತು ತಾಯಿಯೊಂದಿಗೆ ಜಗಳಕ್ಕೆ ಬಿದ್ದಿದ್ದ.

“ದವಾಖಾನಿಗೆ ಬಾ ಅಂದ್ರ ಒಲ್ಲಿ. ನೀರ ಕುಡಿ ಅಂದ್ರ ಒಲ್ಲಿ. ಒಂದ ಸಲೈನ್ ಬಾಟ್ಲಿನರ ಹಚ್ಚಿಸ್ಕೋ ಯವ್ವಾ. ಅದೇನ್ ಬಾಯಿಲೆ ಉಣ್ಣೂದಲ್ಲಲಾ?”

“ಬಾಯಿಲೆ ಉಂಡ್ರೇನ್, ನರದಾಗ ಉಂಡ್ರೇನ್? ಹಾದಿ ಬ್ಯಾರೆ ಆತಂದ್ರ ಉಂಡದ್ದು ಉಂಡಿಲ್ಲ ಅಂತ ಆಕ್ಕೈತೇನು?”

ದನಿ ಸಣ್ಣದಾಗಿತ್ತು. ಮೊನಚು ಮಾತ್ರ ಹಾಗೇ ಇತ್ತು. ಗೌಸಿಯಾಳನ್ನು ಕಂಡು ಈರಪ್ಪ ಎದ್ದು ಅಂಗಳಕ್ಕೆ ಹೋದ. ಸೊಸೆ ಭುವನೇಶ್ವರಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಒಳಗೆ ಕರೆದಳು.

“ಅತ್ತಿ ಲಿಂಗ ಕಳಕೊಂಡಾರ ಅಕ್ಕಾರ,” ಎಂದಳು ಪಿಸುದನಿಯಲ್ಲಿ. “ಸೋಮವಾರ ಸಂಜಿ ಪೂಜಿಗೆ ಕುಂತಾಗ ನೋಡ್ಕೊಂಡಾರ, ಕೊಳ್ಳಾಗ ಬರೇ ಅರಿವಿ. ಗಂಟ ಸಡಲಾಗಿ ಎಲ್ಲೋ ಜಾರೇತಿ. ಅವತ್ತಿಂದ ಹನಿ ನೀರ ಬಾಯಾಗ ಹಾಕಿಲ್ಲ. ನಮಗ ಹೇಳಬೇಕಲ್ರಿ? ನಿನ್ನೆ ದಿನಪೂರ್ತಿ ಉಪವಾಸ ಅಂದ್ರು, ಹೊಟ್ಟಿ ಸರಿ ಇಲ್ಲ ಅಂದ್ರು. ಇವತ್ತ ಮುಂಜಾನೆ ಬಚ್ಚಲದಾಗ ತಲಿ ತಿರಗಿ ಬಿದ್ರಲಾ, ಆಗ ಖರೆ ಹೇಳ್ಯಾರ.”

“ಶುಗರ್ ಗುಳಿಗಿ?”

“ನುಂಗಾಕ ನೀರ ಬೇಕಲ್ರಿ.”

ಆ ಮನೆಯ ಪದ್ಧತಿ ಗೌಸಿಯಾಳಿಗೆ ಗೊತ್ತಿತ್ತು. ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡದೆ ಗುರುಸಿದ್ದವ್ವ ಅನ್ನ ನೀರು ಮುಟ್ಟಿದವಳಲ್ಲ. ಅವಳ ಹೊಲದಲ್ಲಿ ಅಗೆಯುವ ಉತ್ಖನನದವರು ಊಟಕ್ಕೆ ಬಂದು ಸಾಲಾಗಿ ಕುಳಿತಿದ್ದರೂ ಅವಳ ಪೂಜೆ ಮುಗಿಯುವವರೆಗೆ ಅವಳ ತಾಟು ಬೋರಲೇ ಇರುತ್ತಿತ್ತು. ಬೆಳಗ್ಗೆ ಮಠದ ಅಯ್ಯನವರು ಬಂದು, ಹೊಸದನ್ನು ಕಟ್ಟುತ್ತೇನೆ, ಅದರಲ್ಲಿ ದೋಷವಿಲ್ಲ ಎಂದು ಹೇಳಿದ್ದರಂತೆ. ಗುರುಸಿದ್ದವ್ವ ಅವರ ಕಾಲಿಗೆ ನಮಸ್ಕರಿಸಿ, ಒಲ್ಲೆ ಎಂದಿದ್ದಳು.

“ಯಾಕಂತ?”

“‘ನಮ್ಮವ್ವನ ಹೊಟ್ಟ್ಯಾಗಿದ್ದಾಗನ ನನ್ನ ಹೆಸರಿಲೆ ಕಟ್ಟಿದ್ದದು. ನನ್ನ ಕುಣಿಯಾಗ ಕುಂಡ್ರಸೂ ಮುಂದ ಎಡಗೈಯಾಗ ಅದ ಇರಬೇಕು. ಗುರ್ತ ಇಲ್ಲದ್ದನ್ನ ಹಿಡಕೊಂಡ ಎಲ್ಲಿಗೆ ಹೋಗ್ಲಿ?’ ಅಂತಾರ.” ಭುವನೇಶ್ವರಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಡಾಕ್ಟರ್ ಫೋನಿನ್ಯಾಗ ಹೇಳ್ಯಾರ, ಇವತ್ತ ಸಂಜಿ ಮಟ ತಡದ್ರ ಕಿಡ್ನಿಗೆ ಪೆಟ್ಟ ಬೀಳತೈತಿ ಅಂತ. ಅತ್ತಿಗೆ ಹೇಳಿದ್ರ, ಬೀಳಲಿ ಬಿಡು ಅಂತಾರ.”

ಗೌಸಿಯಾ ಇಳಕಲ್ಲಿನವಳು. ಬಾಗಲಕೋಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಗುರುಸಿದ್ದವ್ವನ ಹೊಲದಲ್ಲಿ ಉತ್ಖನನ ಶುರುವಾದಾಗಿನಿಂದ, ಅಲ್ಲಿ ಸಿಕ್ಕ ಮಡಕೆ, ಹಣತೆ, ಬೂದಿಗಳಿಗೆ ಅಂಟಿದ್ದು ಏನೆಂದು ಪರೀಕ್ಷಿಸಿ ಹೇಳುವುದು ಅವಳ ಕೆಲಸವಾಗಿತ್ತು. ಊರ ಸುತ್ತ ಎತ್ತ ನೋಡಿದರೂ ಗುಡಿಗಳಿವೆ. ಅವನ್ನು ಕಟ್ಟಿಸಿದವರು, ಕೆತ್ತಿದವರು, ದತ್ತಿ ಕೊಟ್ಟವರು ಎಲ್ಲರ ಬಗ್ಗೆ ಏನಾದರೊಂದು ಗೊತ್ತು. ಆದರೆ ಆ ಕಾಲದ ಜನ ಗುಡಿಯಿಂದ ಮನೆಗೆ ಬಂದ ಮೇಲೆ ಏನು ಮಾಡುತ್ತಿದ್ದರು, ಅಡುಗೆಮನೆಯ ಮೂಲೆಯಲ್ಲಿ ಯಾವ ದೇವರಿತ್ತು, ಅದರ ಮುಂದೆ ಏನು ಉರಿಸುತ್ತಿದ್ದರು ಎಂಬುದು ಗೊತ್ತಿಲ್ಲ. ಗುಡಿ ಕಲ್ಲಿನದು, ಉಳಿಯಿತು. ಮನೆ ಮಣ್ಣಿನದು, ಮಣ್ಣಾಯಿತು. ಈ ಹೊಲದಲ್ಲಿ ಅಪರೂಪಕ್ಕೆ ಒಂದು ಮನೆಯ ನೆಲ ಸಿಕ್ಕಿತ್ತು. ಒಲೆ ಇದ್ದ ಕೋಣೆಯ ಮೂಲೆಯಲ್ಲಿ ಗೇಣೆತ್ತರದ ಮಣ್ಣಿನ ಕಟ್ಟೆ, ಅದರ ಮೇಲೆ ಮಸಿ ಹಿಡಿದ ಒಂದು ಹಣತೆ, ನಡುವೆ ಏನನ್ನೋ ಇಟ್ಟು ತೆಗೆದಂಥ ದುಂಡನೆಯ ಕುಳಿ. ಕುಳಿ ಬರಿದಾಗಿತ್ತು. ಕಟ್ಟೆ ಏಳು-ಎಂಟನೆಯ ಶತಮಾನದ್ದೆಂದು ಉತ್ಖನನದ ಮುಖ್ಯಸ್ಥರು ಲೆಕ್ಕ ಹಾಕಿದ್ದರು. ಹಣತೆಯಲ್ಲಿ ಉರಿದದ್ದು ಎಳ್ಳೆಣ್ಣೆ ಎಂದು ಗೌಸಿಯಾ ತಿಂಗಳ ಹಿಂದೆಯೇ ಹೇಳಿದ್ದಳು.

ಈ ವಾರ ಅದಕ್ಕಿಂತ ದೊಡ್ಡ ಸುದ್ದಿ ಇತ್ತು. ಕಟ್ಟೆಯ ಬಳಿಯ ಮಣ್ಣನ್ನು ತೊಳೆಯುವಾಗ ಸಿಕ್ಕಿತೆಂದು ಒಂದು ಕರಿಯ ಉಂಡೆಯನ್ನು ಸೋಮವಾರ ಸಂಜೆ ಅವಳ ಪೆಟ್ಟಿಗೆಯಲ್ಲಿ ಇಟ್ಟುಕೊಟ್ಟಿದ್ದರು. ಡಬ್ಬಿಯ ಮೇಲಿನ ಚೀಟಿಯಲ್ಲಿ ‘ಧೂಪದ ಉಂಡೆ? ಏಳು-ಎಂಟನೆಯ ಶತಮಾನ’ ಎಂದು ಬರೆದಿತ್ತು. ಮಂಗಳವಾರ ಅವಳು ಅದರ ಬುಡದಂಚಿನಿಂದ ಎಳ್ಳಿನಷ್ಟು ಕೆರೆದು ಇನ್‌ಫ್ರಾರೆಡ್ ಯಂತ್ರಕ್ಕೆ ಕೊಟ್ಟಿದ್ದಳು. ಮರದ ರಾಳ, ಜೊತೆಗೆ ಮಸಿ. ಧೂಪವೇ. ರಾತ್ರಿ ಮುಖ್ಯಸ್ಥರಿಗೆ ಸಂದೇಶ ಕಳಿಸಿದಾಗ ಅವರು ಹುಡುಗನಂತೆ ಸಂಭ್ರಮಪಟ್ಟಿದ್ದರು. ಒಂದು ಕಾಲದ ಮನೆಯಲ್ಲಿ ದೇವರ ಮುಂದೆ ಹಾಕಿದ ಧೂಪವೇ ಕೈಗೆ ಸಿಕ್ಕಿದೆ ಎಂದರೆ ಯಾರಿಗೆ ಖುಷಿಯಾಗದು? ಇನ್ನು ಅದನ್ನು ಎರಡು ಹೋಳು ಮಾಡಿ, ಒಳಗಿನ ರಾಳವನ್ನು ಕರಗಿಸಿ, ಯಾವ ಮರದ್ದೆಂದು ನೋಡುವುದು ಬಾಕಿ. ಆ ಕೆಲಸವನ್ನು ಇವತ್ತು ಮಧ್ಯಾಹ್ನ ಮಾಡಲು ಸಹಾಯಕ ಅಧ್ಯಾಪಕಿ ಪ್ರಿಯದರ್ಶಿನಿಗೆ ಒಪ್ಪಿಸಿ, ಗೌಸಿಯಾ ಕಟ್ಟೆಯ ಇನ್ನಷ್ಟು ಮಣ್ಣು ತರಲು ಬೆಳಗಿನ ಬಸ್ಸು ಹತ್ತಿದ್ದಳು.

ಈಗ ಅದೆಲ್ಲ ಅವಳ ತಲೆಯಲ್ಲಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು, “ನಾನೂ ಹುಡುಕತೇನಿ. ಹೆಂಗಿರತೈತಿ ಹೇಳ ಭುವನಾ. ನಾ ಬೆಳ್ಳಿ ಕರಡಗಿ ನೋಡೇನಿ, ಒಳಗಿಂದು ನೋಡಿಲ್ಲ,” ಎಂದಳು.

ಅದು ನಿಜ. ಇಳಕಲ್ಲಿನ ಓಣಿಯಲ್ಲಿ ಅಕ್ಕಪಕ್ಕದವರ ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಬಟ್ಟೆಯ ಗಂಟು ಕಾಣುತ್ತಲೇ ಬೆಳೆದಿದ್ದರೂ, ಒಳಗಿನದನ್ನು ಅವಳಿಗೆ ಯಾರು ತೋರಿಸುತ್ತಾರೆ? ಬೇರೆಯವರೆದುರು ಬಿಚ್ಚುವಂಥದ್ದಲ್ಲ ಅದು.

“ಅತ್ತೀದು ಕರಡಗಿ ಅಲ್ರಿ, ಬರೇ ಅರಿವ್ಯಾಗ ಕಟ್ಟಿದ್ದು. ಕರ್ರಗ ಇರತೈತಿ. ಬುಡಕ ಸಪಾಟ, ಮ್ಯಾಲ ಗುಂಡಗ, ದೊಡ್ಡ ನೇರಳಿ ಹಣ್ಣಿನಷ್ಟ. ಹೊಸಾದಾದ್ರ ಕನ್ನಡಿ ಹೊಳದಂಗ ಹೊಳೀತೈತಿ. ಅತ್ತೀದು ಹಳೇದು, ಕಂತಿ ಸವದು ಮಬ್ಬಾಗಿ ಹೋಗೇತಿ.”

“ಕಂತಿ ಅಂದ್ರ?”

“ಮ್ಯಾಲಿನ ಲೇಪರಿ. ಒಳಗ ಸಣ್ಣ ಕಲ್ಲಿನ ಲಿಂಗ ಇರತೈತಿ. ಅದರ ಮ್ಯಾಲ ರಾಳ, ಗೇರೆಣ್ಣಿ, ಮಸಿ, ಇನ್ನೇನೇನೋ ಕಲಿಸಿ ಬಡಿದಿರ್ತಾರ.”

ರಾಳ. ಮಸಿ.

ಯಂತ್ರ ತಪ್ಪು ಹೇಳಿರಲಿಲ್ಲ. ಏನಿದೆ ಎಂದು ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರಿಸಿತ್ತು. ಯಾರದು ಎಂದು ಅದನ್ನು ಕೇಳಿದವರಿಲ್ಲ.

“ಏನಾತ್ರಿ ಅಕ್ಕಾರ? ಮಾರಿ ಯಾಕ ಹಿಂಗಾತು?”

“ಭುವನಾ, ಸೋಮವಾರ ಅವ್ವ ಹೊಲಕ್ಕ ಬಂದಿದ್ರಾ?”

“ದಿನಾ ಹೋಕ್ಕಾರಲ್ರಿ, ಮಜ್ಜಗಿ ತಗೊಂಡು.”

ಹೊಲ ಮನೆಯ ಹಿಂದೆಯೇ. ಗೌಸಿಯಾ ಹೆಚ್ಚುಕಡಿಮೆ ಓಡುತ್ತಲೇ ಹೋದಳು. ಅಲ್ಲಿ ಆಳುಗಳು ಅಗೆದು ಹಾಕಿದ್ದ ಮಣ್ಣಿನ ಗುಡ್ಡೆಯನ್ನು ಮತ್ತೆ ಜರಡಿ ಹಿಡಿಯುತ್ತಿದ್ದರು. ಗೌತಮ ಬಾದಾಮಿಯ ಸಂಶೋಧಕ. ಮುಖ್ಯಸ್ಥರಿಲ್ಲದ ಈ ವಾರ ಕೆಲಸ ನೋಡಿಕೊಳ್ಳುವವನು. ಬೆವರು ಸುರಿಸುತ್ತ ತಾನೇ ಸನಿಕೆ ಹಿಡಿದಿದ್ದ.

“ಮುಂಜಾನಿಯಿಂದ ಹುಡುಕಾಕ ಹತ್ತೇವ್ರಿ ಮೇಡಂ. ಬೆಳ್ಳಿ ಅಂದ್ರ ಬಿಸಲಿಗೆ ಮಿಂಚಬೇಕಲಾ, ಒಂದೂ ಮಿಂಚವಲ್ದು.”

“ಬೆಳ್ಳಿ ಅಲ್ಲ ಗೌತಮ. ಅವರದು ಅರಿವ್ಯಾಗಿತ್ತು. ಬರೇ ಲಿಂಗ ಬಿದ್ದೈತಿ. ಕರೀದು.” ಉಸಿರು ಹಿಡಿದು ಕೇಳಿದಳು, “ನೀ ಕೊಟ್ಟ ಧೂಪದ ಉಂಡಿ ಎಲ್ಲಿ ಸಿಕ್ಕಿತು?”

“ತೊಳಿಯೂ ಜರಡ್ಯಾಗ. ಕಟ್ಟಿ ಮಣ್ಣ ತೊಳಿಯಾಕತ್ತಿದ್ವಿ. ಮೆತ್ತಗ ಕೆಸರ ಹತ್ತಿತ್ತು.”

“ಯಾರ್ಯಾರಿದ್ರಿ?”

“ನಾನು, ಇಬ್ಬರ ಆಳು. ಮತ್ತ ಯವ್ವ. ಮಣಿ ಆರಸಾಕ ನೀರಿನ ಮ್ಯಾಲ ಬಗ್ಗಿ…” ಗೌತಮ ಸನಿಕೆ ಕೈಬಿಟ್ಟ. “ನಮ್ಮ ಮನ್ಯಾಗ ಇಲ್ರಿ ಅದು. ನಾ ಎಂದೂ ನೋಡಿಲ್ಲ ಮೇಡಂ.”

“ನಾನೂ ನೋಡಿಲ್ಲ ಬಿಡು.”

ಅವಳು ಫೋನು ತೆಗೆದಳು. ಪ್ರಿಯದರ್ಶಿನಿಯ ಫೋನು ರಿಂಗಾಗಿ ರಿಂಗಾಗಿ ನಿಂತಿತು. ಎರಡನೆಯ ಸಲವೂ ಅಷ್ಟೇ. ಆಗ ನೆನಪಾಯಿತು. ಬೇಗ ಹೊತ್ತಿಕೊಳ್ಳುವ ದ್ರಾವಣಗಳನ್ನು ತೆರೆಯುವ ಮುಂಚೆ ಫೋನನ್ನು ಹೊರಗಿನ ಕಪಾಟಿನಲ್ಲಿಡಬೇಕು ಎಂಬ ನಿಯಮವನ್ನು ಗೋಡೆಗೆ ಅಂಟಿಸಿದವಳು ಅವಳೇ. ಕಾಲೇಜಿಗೆ ಇವತ್ತು ರಜೆ, ಕಚೇರಿಯಲ್ಲಿ ಯಾರೂ ಇಲ್ಲ. ಫೋನು ಹೊರಗಿದೆ ಎಂದರೆ ಪ್ರಿಯದರ್ಶಿನಿ ಕೆಲಸ ಶುರುಮಾಡಿದ್ದಾಳೆ.

ಈರಪ್ಪ ಅಂಗಳದಲ್ಲಿ ಮೋಟಾರುಬೈಕಿನ ಪಕ್ಕ ನಿಂತಿದ್ದ. ಅವಳು ಎಲ್ಲವನ್ನೂ ಹೇಳಿದಳು, ಒಂದನ್ನೂ ಮುಚ್ಚಲಿಲ್ಲ. ತನ್ನ ಹತ್ತಿರವೇ ಇದೆ, ಅದನ್ನು ಕೊಯ್ಯಲು ತಾನೇ ಹೇಳಿಬಂದಿದ್ದೇನೆ ಎಂಬುದನ್ನೂ. ಈರಪ್ಪನ ಮುಖ ಒಮ್ಮೆ ಬೆಳಗಿ ಒಮ್ಮೆ ಕಪ್ಪಾಯಿತು. ಬೈಯುತ್ತಾನೆ ಎಂದುಕೊಂಡಳು. ಅವನು ಕಿಕ್ ಹೊಡೆದ.

“ಹತ್ರಿ ಮೇಡಂ.”

“ಅವ್ವಗ ಹೇಳೂನೇನ್ರಿ?” ಎಂದಳು ಬಾಗಿಲಲ್ಲಿ ನಿಂತ ಭುವನೇಶ್ವರಿ.

“ಬ್ಯಾಡ,” ಎಂದ ಈರಪ್ಪ. “ಸಿಕ್ಕೈತಿ ಅಂತ ಹೇಳಿ, ಎರಡ ತುಂಡ ತಂದ ಕೊಡ್ಲೇನು?”

ಬೈಕು ಅಮೀನಗಡದ ದಾರಿ ಹಿಡಿಯಿತು. ರಸ್ತೆಯ ಎರಡೂ ಬದಿ ಕಡಲೆಯ ಹೊಲ. ಗಾಳಿಗೆ ಅವಳ ಕಣ್ಣಲ್ಲಿ ನೀರು ಬರುತ್ತಿತ್ತು, ಅಥವಾ ಹಾಗೆಂದುಕೊಂಡಳು. ದಾರಿಯುದ್ದಕ್ಕೂ ಅವಳ ಮನಸ್ಸು ಲೆಕ್ಕ ಹಾಕುತ್ತಿತ್ತು. ಪ್ರಿಯದರ್ಶಿನಿ ಊಟ ಮಾಡಿ ಶುರುಮಾಡುತ್ತಾಳೋ, ಮಾಡದೆಯೋ? ಸಣ್ಣ ಗರಗಸದ ಅಲಗು ರಾಳವನ್ನು ಕೊಯ್ದು ಕಲ್ಲಿಗೆ ತಾಗಿದರೆ ನಿಲ್ಲಿಸುತ್ತಾಳೋ, ಗಟ್ಟಿ ಗಂಟು ಸಿಕ್ಕಿತೆಂದು ಇನ್ನಷ್ಟು ಒತ್ತುತ್ತಾಳೋ? ಮುಂದಿನ ತಿಂಗಳು ಉಂಡೆಯ ಚೂರೊಂದು ಕಾಲನಿರ್ಣಯಕ್ಕೆ ಹೋಗುವುದಿತ್ತು. ಅಲ್ಲಿ ಹೇಗೂ ನಿಜ ಹೊರಬೀಳುತ್ತಿತ್ತು. ವಿಜ್ಞಾನ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ ಎಂದು ಅವಳು ತರಗತಿಯಲ್ಲಿ ಹೇಳುತ್ತಿದ್ದಳು. ಅದಕ್ಕೆ ಹಿಡಿಯುವಷ್ಟು ಹೊತ್ತು ಒಂದು ಜೀವಕ್ಕೆ ಇರುವುದಿಲ್ಲ ಎಂಬುದು ಈಗ ಹೊಳೆಯಿತು.

ಕಮತಗಿ ದಾಟಿದ ಮೇಲೆ ಈರಪ್ಪ ಹಿಂತಿರುಗದೆಯೇ ಕೇಳಿದ, “ಮೇಡಂ, ಧೂಪ ಅಂದ್ಕೊಂಡ್ರೆಲಾ, ವಾಸನಿನರ ಬರಲಿಲ್ಲೇನ್ರಿ?”

“ಸಾವಿರ ವರ್ಷದ ಧೂಪ ವಾಸನಿ ಕೊಡತೈತೋ ಇಲ್ಲೋ ಅಂತ ನಮಗೂ ಗೊತ್ತಿಲ್ಲಪಾ.”

“ನಮ್ಮವ್ವನ ಲಿಂಗಕ್ಕ ಇಬತ್ತಿ ವಾಸನಿ ಬರತೈತ್ರಿ. ಸಣ್ಣಾಂವಿದ್ದಾಗ ತೊಡಿಮ್ಯಾಲ ಮಲಗಿದ್ರ ಮೂಗಿಗೆ ಬಡೀತಿತ್ತು,” ಎಂದ. ಆಮೇಲೆ ನೇರ ನವನಗರದ ಕಾಲೇಜಿನ ಗೇಟಿನಲ್ಲೇ ಬೈಕು ನಿಲ್ಲಿಸಿದ.

ಪ್ರಯೋಗಾಲಯದ ಬಾಗಿಲು ತೆರೆದಿತ್ತು. ಪ್ರಿಯದರ್ಶಿನಿ ಕಾಣಲಿಲ್ಲ. ಮೇಜಿನ ಮೇಲೆ ಬಿಳಿ ತಟ್ಟೆ, ತಟ್ಟೆಯ ಪಕ್ಕ ಗರಗಸ, ತಟ್ಟೆಯಲ್ಲಿ ಎರಡು ಹೋಳಾದ ಒಂದು ಕಂದುಗಪ್ಪು ಉಂಡೆ. ಕೊಯ್ದ ಮುಖ ಹೊಳೆಯುತ್ತಿತ್ತು.

ಗೌಸಿಯಾ ನಿಂತಲ್ಲೇ ನಿಂತಳು. ಹಿಂದೆ ಬಂದ ಈರಪ್ಪ ಅವಳ ಹೆಗಲ ಮೇಲಿಂದ ನೋಡಿ ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿದ.

ಒಳಕೋಣೆಯಿಂದ ಕೈ ಒರೆಸಿಕೊಳ್ಳುತ್ತ ಪ್ರಿಯದರ್ಶಿನಿ ಬಂದಳು. “ಮೇಡಂ! ಐಹೊಳಿಗೆ ಹೋಗಿಲ್ಲೇನ್ರಿ?”

“ಕೊಯ್ದಿ?”

“ಹೂಂ, ನೀವ ಹೇಳಿದ್ರೆಲಾ, ಹೋಲಿಸಿ ನೋಡಾಕ ಮೊದಲ ಅದನ್ನ ಕೊಯ್ಯಿ ಅಂತ.”

“ಯಾವದನ್ನ?”

“ನಿಮ್ಮ ಮನಿ ಲೋಬಾನರಿ.”

ಗೌಸಿಯಾ ಹತ್ತಿರ ಹೋಗಿ ಬಗ್ಗಿ ನೋಡಿದಳು. ಗುರುವಾರದ ಸಂಜೆ ತಾಯಿ ಖೈರುನಬಿ ಕೆಂಡದ ಮೇಲೆ ಉದುರಿಸುವ ಲೋಬಾನ. ಹೊಸ ಧೂಪ ಹೇಗಿರುತ್ತದೆಂದು ಹೋಲಿಸಲು ಹಿಂದಿನ ವಾರ ಇಳಕಲ್ಲಿನಿಂದ ಅವಳೇ ತಂದಿಟ್ಟದ್ದು. ವಾಸನೆ ಈಗ ಮೂಗಿಗೆ ಬಂತು. ಇಡೀ ಕೋಣೆ ಅವರ ಮನೆಯ ಹಾಗೆ ಘಮಘಮಿಸುತ್ತಿತ್ತು.

“ಇನ್ನೊಂದು?”

“ಕೊಯ್ಯಲಿಲ್ರಿ. ತಪ್ಪ ತಿಳ್ಕೋಬ್ಯಾಡ್ರಿ.” ಪ್ರಿಯದರ್ಶಿನಿ ಬೈಗುಳಕ್ಕೆ ಸಿದ್ಧಳಾದವಳಂತೆ ಗಡಬಡಿಸಿದಳು. “ಕೊಯ್ಯೂಕಿಂತ ಮೊದಲ ತೂಕ ನೋಡಬೇಕಂತ ನಿಮ್ಮ ರೂಲ್ಸ್ ಐತೆಲಾ, ನೋಡಿದ್ನಿ. ನೀರಾಗ ಮುಳುಗಿಸಿ ನೋಡಿದ್ನಿ. ರಾಳ ಆದ್ರ ಹೆಚ್ಚುಕಡಿಮಿ ನೀರಿನಷ್ಟ ತೂಕ ಬರಬೇಕು. ಇದು ಎರಡ ಪಟ್ಟ ಮ್ಯಾಲ ಬಂತು. ನಾನ ತಪ್ಪಿದ್ನೆನೋ ಅಂತ ಮತ್ತ ನೋಡಿದ್ನಿ, ಮತ್ತ ಹಂಗ ಬಂತು. ಒಳಗ ಕಲ್ಲೈತ್ರಿ ಮೇಡಂ. ಧೂಪದಾಗ ಕಲ್ಲ ಯಾಕಿರತೈತಿ? ನಿಮ್ಮನ್ನ ಕೇಳದ ಮುಂದ ಹೋಗಬಾರದಂತ ಇಟ್ಟೇನಿ.”

ಗಾಜಿನ ಮುಚ್ಚಳದ ಕೆಳಗೆ, ಹತ್ತಿಯ ಮೇಲೆ, ಅದು ಇಡಿಯಾಗಿ ಕೂತಿತ್ತು. ಬುಡಕ್ಕೆ ಸಪಾಟು, ಮೇಲೆ ಗುಂಡಗೆ, ದೊಡ್ಡ ನೇರಳೆ ಹಣ್ಣಿನಷ್ಟು.

ಈರಪ್ಪ ಚಪ್ಪಲಿ ಬಾಗಿಲಾಚೆ ಬಿಟ್ಟು ಬಂದು ನೋಡಿದ. ಕೈ ಮುಂದೆ ಮಾಡಲಿಲ್ಲ. “ಇದ,” ಎಂದ. ಆಮೇಲೆ ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತು, ಇಬ್ಬರು ಹೆಂಗಸರ ಎದುರು ನಾಚಿಕೆಯಿಲ್ಲದೆ, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಗೌಸಿಯಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಪ್ರಿಯದರ್ಶಿನಿ ಮಾತ್ರ ಇನ್ನೂ ತಾನು ಮಾಡಿದ್ದು ಸರಿಯೋ ತಪ್ಪೋ ತಿಳಿಯದೆ ಇಬ್ಬರ ಮುಖ ನೋಡುತ್ತಿದ್ದಳು.

“ನೀ ಇವತ್ತ ಏನ್ ಕೇಳ್ತಿ ಅದನ್ನ ಕೊಡಸ್ತೇನಿ,” ಎಂದಳು ಗೌಸಿಯಾ.

“ಹಂಗಾರ ಫೋನ್ ಒಳಗ ತರೂ ರೂಲ್ಸ್ ಮಾಡ್ರಿ.”

“ಅದೊಂದ ಬಿಟ್ಟು.”

ಹೊರಡುವ ಮುಂಚೆ ಒಂದು ಕೆಲಸ ಉಳಿದಿತ್ತು. ಭೂತಗನ್ನಡಿಯ ಕೆಳಗೆ ಗೌಸಿಯಾ ಬುಡದಂಚನ್ನು ನೋಡಿದಳು. ಮಂಗಳವಾರ ತಾನೇ ಕೆರೆದ ಗುರುತು ಅಲ್ಲಿತ್ತು: ಉಗುರಿನ ತುದಿ ತಾಗಿದಷ್ಟು, ಆದರೆ ಇತ್ತು. ಲೇಪ ಮಾತ್ರ ಹೋಗಿತ್ತು, ಕಲ್ಲಿಗೆ ಏನೂ ಆಗಿರಲಿಲ್ಲ. ಮುಕ್ಕಾದ ಲಿಂಗವನ್ನು ಧರಿಸುವುದಿಲ್ಲವೆಂದು ಅವಳು ಎಲ್ಲೋ ಕೇಳಿದ್ದಳು. ಇದು ಮುಕ್ಕೋ ಅಲ್ಲವೋ ಎಂದು ತೀರ್ಮಾನಿಸುವುದು ತನ್ನ ಕೆಲಸವಲ್ಲ. ಹಳೆಯದು, ಸವೆದದ್ದು, ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

“ಅವ್ವಗ ಹೇಳಬೇಕು,” ಎಂದಳು ಈರಪ್ಪನಿಗೆ ತೋರಿಸಿ.

ಅವನು ಬಗ್ಗಿ ಆ ಗುರುತನ್ನು ನೋಡಿದ. “ಹೇಳಿದ್ರ ಒಲ್ಲೆ ಅಂದಗಿಂದಾಳ ಮೇಡಂ.”

“ಹೇಳದ ಕೊಟ್ರ ಕೊಟ್ಟಂಗ ಆಕ್ಕೈತೇನ್ರಿ?”

ಈರಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. “ನೀವ ಹೇಳ್ರಿ. ನನ್ನ ಕೈಲೆ ಆಗಂಗಿಲ್ಲ.”

ಐಹೊಳೆ ಮುಟ್ಟಿದಾಗ ಗುಡಿಗಳ ನೆರಳು ಮೂಡಣಕ್ಕೆ ವಾಲಿತ್ತು. ಗುರುಸಿದ್ದವ್ವ ಈಗ ಚಾಪೆಯ ಮೇಲೆ ಮಲಗಿದ್ದಳು. ಭುವನೇಶ್ವರಿ ಒದ್ದೆ ಬಟ್ಟೆಯಿಂದ ಅವಳ ಹಣೆ ಒರೆಸುತ್ತಿದ್ದಳು, ತುಟಿಗೆ ಮಾತ್ರ ತಾಗಿಸಲು ಅತ್ತೆ ಬಿಡುತ್ತಿರಲಿಲ್ಲವಂತೆ. ಗೌತಮ ಹೊಸ್ತಿಲಾಚೆ ಕಟ್ಟೆಯ ಮೇಲೆ ಕುಳಿತಿದ್ದ. ಈರಪ್ಪ ಬೈಕು ನಿಲ್ಲಿಸಿ ಹೆಂಡತಿಯ ಕಡೆ ನೋಡಿ ತಲೆಯಾಡಿಸಿದ. ಅಷ್ಟಕ್ಕೇ ಭುವನೇಶ್ವರಿ ಬಚ್ಚಲಿಗೆ ನೀರು ತೋಡಲು ಎದ್ದಳು.

“ಯವ್ವಾ,” ಎಂದಳು ಗೌಸಿಯಾ, ಚಾಪೆಯ ಪಕ್ಕ ಕುಳಿತು. “ಸಿಕ್ಕೈತಿ.”

ಮುದುಕಿಯ ಕಣ್ಣು ತೆರೆದವು. ಏಳಲು ನೋಡಿದಳು. ಈರಪ್ಪ ಬೆನ್ನಿಗೆ ಕೈಕೊಟ್ಟು ಕೂರಿಸಿದ.

“ಮೊದಲ ನಾ ಹೇಳೂದ ಕೇಳ್ರಿ. ಜರಡ್ಯಾಗ ಬಿದ್ದಿತ್ತು. ನಾವು ಯಾರೂ ಗುರ್ತ ಹಿಡೀಲಿಲ್ಲ. ಹಳೇ ಮನಿ ಧೂಪ ಅಂತ ತಿಳ್ಕೊಂಡು ನಾ ಬಾಗಲಕೋಟಿಗೆ ಒಯ್ದಿದ್ನಿ. ಬುಡಕ ಒಂಚೂರ ಕೆರದೇನಿ. ಎಳ್ಳಿನಷ್ಟ. ಲೇಪ ಅಷ್ಟ ಹೋಗೇತಿ, ಕಲ್ಲಿಗೆ ಏನೂ ಆಗಿಲ್ಲ, ಅದನ್ನ ನೋಡೇನಿ. ಆದ್ರ ಕೆರದದ್ದು ಖರೆ. ತಪ್ಪ ನಂದು.”

ಗೌಸಿಯಾ, ಹತ್ತಿ ಹಾಸಿ ತಂದಿದ್ದ ಅದೇ ಚೀಟಿಯ ಡಬ್ಬಿಯನ್ನು ಅವಳ ಮುಂದೆ ನೆಲದ ಮೇಲಿಟ್ಟಳು. ಕೈಗೆ ಕೊಡಬಹುದೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಮುದುಕಿ ಡಬ್ಬಿ ನೋಡಿದಳು, ಗೌಸಿಯಾಳ ಮುಖ ನೋಡಿದಳು. ಆಮೇಲೆ ಎಡಗೈ ಮುಂದೆ ಚಾಚಿ, ಅಂಗೈ ಬಿಡಿಸಿದಳು.

“ಇಡು.”

ಗೌಸಿಯಾ ಮುಚ್ಚಳ ತಿರುವಿ ತೆಗೆದು, ಹತ್ತಿಯ ಸಮೇತ ಎತ್ತಿ, ಹತ್ತಿಯನ್ನು ಸರಿಸಿ, ಅಂಗೈಯ ನಡುವೆ ಇಟ್ಟಳು. ಗುರುಸಿದ್ದವ್ವ ಕಣ್ಣು ಮುಚ್ಚಿ, ಬಲಗೈ ಹೆಬ್ಬೆರಳಿನಿಂದ ಅದರ ಮೇಲೆ ಮೆಲ್ಲಗೆ ಸವರಿದಳು. ನೆತ್ತಿ, ಸುತ್ತ, ಬುಡದಂಚು. ಹೆಬ್ಬೆರಳು ಒಂದೆಡೆ ನಿಂತಿತು.

“ಇಲ್ಲೇನು?”

“ಹೌದ್ರಿ.”

“ಇಷ್ಟಕ್ಕ ಇಷ್ಟ ಹೆದರೀರಿ?” ಗುರುಸಿದ್ದವ್ವ ಕಣ್ಣು ತೆರೆದಳು. “ಇವ ಸಣ್ಣಾಂವಿದ್ದಾಗ ಇದನ್ನ ಕಡದಿದ್ದ. ಹಲ್ಲ ಬರೂಮುಂದ. ಆವಾಗ ಎಷ್ಟ ಕಂತಿ ಹೋಗಿತ್ತಂದ್ರ, ಮಠದಾಗ ಮತ್ತ ಕಟ್ಟಿಸಬೇಕಾತು. ಈಗೂ ಕಟ್ಟಿಸಿದ್ರಾತು. ಒಳಗಿನ ಪ್ರಾಣ ಇರೂಮಟ ಅರಿವಿ ಹರದ್ರ ಯಾರ ಅಳ್ತಾರ?”

ಈರಪ್ಪನಿಗೆ ಆ ಕಥೆ ಗೊತ್ತಿರಲಿಲ್ಲವೆಂದು ಅವನ ಮುಖವೇ ಹೇಳಿತು. ಭುವನೇಶ್ವರಿ ಬಾಗಿಲಲ್ಲಿ ನಿಂತು ಕೊಡ ಹಿಡಿದುಕೊಂಡೇ ನಕ್ಕಳು. “ಹಂಗಾರ ನಿಮ್ಮ ಮಗನ ಮೊದಲ ಪರೀಕ್ಷಾ ಮಾಡ್ಯಾನ ನೋಡ್ರೆಲಾ.”

“ಏನಂತ ತಿಳ್ಕೊಂಡಿದ್ದಿ ಅಂದಿ?” ಗುರುಸಿದ್ದವ್ವ ಗೌಸಿಯಾಳನ್ನು ಮತ್ತೆ ಕೇಳಿದಳು.

“ಧೂಪ ಅಂತ. ಸಾವಿರದ ಮುನ್ನೂರ ವರ್ಷದ್ದು ಅಂತ.”

“ಅಯ್ಯ ಶಿವನ! ಹಂಗಾರ ನಾ ಎಷ್ಟ ಹಳೇ ಮುದುಕಿ ಆದ್ನೆ!” ನಗಲು ಹೋಗಿ ಕೆಮ್ಮು ಬಂತು. “ಸಾಕ, ಏಳ್ರಿ. ನೀರ ತೋಡು ಭುವನಾ. ಪೂಜಿ ಆಗಲಿ.”

ಸೊಸೆಯ ಹೆಗಲು ಹಿಡಿದು ಸ್ನಾನಕ್ಕೆ ಹೋಗಿ, ಬಂದು, ಒಳಮನೆಯಲ್ಲಿ ಕುಳಿತಳು. ಬಾಗಿಲು ಅರ್ಧ ಮುಚ್ಚಿತ್ತು. ಹೊರಗೆ ಪಡಸಾಲೆಯಲ್ಲಿ ಗೌಸಿಯಾ, ಈರಪ್ಪ, ಹೊಸ್ತಿಲಾಚೆ ಗೌತಮ ಕಾಯುತ್ತಿದ್ದರು. ವಿಭೂತಿಯ ವಾಸನೆ ಬಂತು. ಬಟ್ಟಲಿಗೆ ನೀರು ಬೀಳುವ ಸದ್ದು ಕೇಳಿತು. ಆಮೇಲೆ ಒಂದು ಗುಟುಕಿನ ಸದ್ದು. ಈರಪ್ಪ ತಲೆ ಎತ್ತಿದ. ಇನ್ನೊಂದು ಗುಟುಕು.

“ಕುಡದ್ಲು,” ಎಂದ ಅವನು, ಯಾರಿಗೂ ಅಲ್ಲ.

ಗೌಸಿಯಾ ಫೋನು ತೆಗೆದು ಮುಖ್ಯಸ್ಥರಿಗೆ ಬರೆದಳು. ಧೂಪದ ವಿಷಯ ಹಿಂತೆಗೆದುಕೊಂಡಿದ್ದೇನೆ, ಉಂಡೆ ಇಂದಿನದು, ಅದರ ಒಡತಿ ಸಿಕ್ಕಿದ್ದಾಳೆ, ಹಣತೆಯ ಎಳ್ಳೆಣ್ಣೆ ಮಾತ್ರ ಉಳಿದಿದೆ. ನಷ್ಟದ ಸುದ್ದಿ ಬರೆಯುತ್ತಿದ್ದರೂ ಹೆಗಲು ಹಗುರಾಗಿತ್ತು. ತಪ್ಪು ಧೂಪವೊಂದು ತನ್ನ ಹೆಸರಿನಲ್ಲಿ ಅಚ್ಚಾಗಿ, ಆ ಹಳೆಯ ಮನೆಯ ಹೆಂಗಸು ಹಾಕದ ಹೊಗೆಯನ್ನು ಅವಳ ಅಡುಗೆಮನೆಯಲ್ಲಿ ತುಂಬಿಬಿಡುತ್ತಿತ್ತು. ಅದೂ ತಪ್ಪಿತು. ಮುಖ್ಯಸ್ಥರ ಉತ್ತರ ಬೇಗನೇ ಬಂತು: ‘ಅವ್ವ ಉಂಡರೇ?’

ಅವ್ವ ಉಣ್ಣಲು ಕುಳಿತಿದ್ದಳು. ತೆಳ್ಳನೆಯ ಜೋಳದ ಅಂಬಲಿ. ರೊಟ್ಟಿ ಬೇಡ ಎಂದು ಡಾಕ್ಟರು ಹೇಳಿದ್ದರು, ರೊಟ್ಟಿ ಬೇಕು ಎಂದು ಅವಳು ಹೇಳುತ್ತಿದ್ದಳು. ಸಂಜೆ ಡಾಕ್ಟರ ಹತ್ತಿರ ಬರುತ್ತೇನೆ, ಈಗ ಒಂದು ತುಣುಕು ಕೊಡು ಎಂದು ಸೊಸೆಯೊಂದಿಗೆ ಚೌಕಾಸಿ ನಡೆದಿತ್ತು. ಕೊರಳಲ್ಲಿ ಹೊಸ ಬಿಳಿ ಬಟ್ಟೆಯ ಗಂಟು. ಈರಪ್ಪ ಅದಕ್ಕೆ ಮೂರು ಸಲ ಎಳೆದು ಗಂಟು ಹಾಕಿದ್ದ.

“ನೀವ್ಯಾಕ ನಿಂತೀರಿ?” ಎಂದಳು ಗುರುಸಿದ್ದವ್ವ. “ಯಾರೂ ಉಂಡಿಲ್ಲಲಾ. ಕುಂಡ್ರಿ. ಗೌತಮಾ, ನೀನೂ ಬಾ ಒಳಗ. ಹೊಸ್ತಿಲಾಚೆ ಕುಂತ ಅಪರಾಧಿ ಹಂಗ ನೋಡಬ್ಯಾಡ.”

ತಾಟುಗಳು ಬಂದವು. ಗೌತಮ ರೊಟ್ಟಿ ಮುರಿಯುತ್ತ, ಮನಸ್ಸಿಗೆ ಹತ್ತಿಕೊಂಡಿದ್ದ ಮಾತನ್ನು ಹೊರಹಾಕಿದ. “ಮತ್ತ ನಮ್ಮ ಕಟ್ಟಿ ಖಾಲಿನ ಉಳೀತ್ರಿ ಮೇಡಂ. ಕುಣಿಯಾಗ ಏನಿತ್ತು ಅನ್ನೂದ ಗೊತ್ತಾಗಲಿಲ್ಲ.”

“ಖಾಲಿ ಇದ್ರ ಒಳ್ಳೇದಾತಲಾ,” ಎಂದಳು ಗುರುಸಿದ್ದವ್ವ, ಅಂಬಲಿಯ ಬಟ್ಟಲು ಕೆಳಗಿಟ್ಟು. “ಎತ್ಕೊಂಡ ಹೋಗ್ಯಾರಂತ ಆತು. ಮನಿ ಬಿಟ್ಟ ಹೋಗೂಮುಂದ ಹಣತಿ ಬಿಟ್ಟಾರು, ಗಡಗಿ ಬಿಟ್ಟಾರು. ಅದನ್ನ ಬಿಟ್ಟ ಹೋಗಿದ್ರ ನನಗ ಕೆಟ್ಟ ಅನಸ್ತಿತ್ತು.”

ಆ ಮಾತನ್ನು ಪರೀಕ್ಷಿಸುವ ಯಂತ್ರ ಗೌಸಿಯಾಳ ಬಳಿ ಇರಲಿಲ್ಲ. ಆದರೂ ಆ ದುಂಡನೆಯ ಕುಳಿಯನ್ನು ನೆನೆದಾಗ, ಈ ತನಕ ಅದರಲ್ಲಿ ಕಾಣುತ್ತಿದ್ದ ಕೊರತೆ ಈಗ ಕಾಣಲಿಲ್ಲ.

ಹೊರಡುವಾಗ ಅವಳು ಡಬ್ಬಿಗೆ ಕೈಹಾಕಿದಳು. ಗುರುಸಿದ್ದವ್ವ ಅದನ್ನು ತನ್ನ ಕಡೆ ಎಳೆದುಕೊಂಡಳು.

“ಇದು ಇಲ್ಲೇ ಇರಲಿ. ಬಿಗಿ ಮುಚ್ಚಳ ಐತಿ. ಇಬತ್ತಿ ಇಡಾಕ ಚಲೋ ಆಕ್ಕೈತಿ.”

“ಇಟ್ಕೋರಿ. ಚೀಟಿ ಕಿತ್ತ ಕೊಡ್ತೇನಿ ತಡೀರಿ, ತಪ್ಪ ಬರದೈತಿ.”

“ಏನ್ ಬರದೈತಿ ಓದ.”

“ಧೂಪದ ಉಂಡೆ. ಏಳು-ಎಂಟನೆಯ ಶತಮಾನ.”

“ಇರಲಿ ಬಿಡ ಅದು,” ಎಂದು ಗುರುಸಿದ್ದವ್ವ ಡಬ್ಬಿಯ ಮುಚ್ಚಳವನ್ನು ಒಮ್ಮೆ ತಿರುವಿ ಬಿಗಿಮಾಡಿ ನೋಡಿದಳು. “ಮತ್ತ ನಾಳೆ ಬರೂಮುಂದ ಉಂಡ ಬರಬ್ಯಾಡ.”